ಓದುಗರ ಪ್ರಶ್ನೆ, ಬಲ್ಲವರ ಉತ್ತರ: ಪೇಟೆಂಟ್ ವಕೀಲಿಕೆಯ ಒಳಗೂ ಹೊರಗೂ

ಪೇಟೆಂಟ್ ಕೆಲಸದ ಬಗ್ಗೆ ಬಂದ ಪತ್ರಗಳಲ್ಲಿ ಒಂದೇ ಬಗೆಯವನ್ನು ಕೂಡಿಸಿ, ಉಳಿದವನ್ನು ಚಿಕ್ಕದು ಮಾಡಿ ಇಲ್ಲಿ ಕೊಟ್ಟಿದ್ದೇವೆ. ಕಳಿಸಿದವರ ಹೆಸರು ಬಿಟ್ಟು ಊರನ್ನಷ್ಟೇ ಹಾಕಿದ್ದೇವೆ.

ದಾವಣಗೆರೆ: ಮೆಕ್ಯಾನಿಕಲ್ ಬಿ.ಇ. ಕೊನೆಯ ವರ್ಷದಲ್ಲಿದ್ದೇನೆ. ಪೇಟೆಂಟ್ ವಕೀಲನಾಗುವ ಆಸೆ. ಇನ್ನೂ ಮೂರು ವರ್ಷ ಎಲ್‌ಎಲ್‌ಬಿ ಓದಲೇಬೇಕೆ?

ಓದಲೇಬೇಕೆಂದಿಲ್ಲ. ನಮ್ಮ 1970ರ ಪೇಟೆಂಟ್ ಕಾಯ್ದೆಯಲ್ಲಿ 'ಪೇಟೆಂಟ್ ವಕೀಲ' ಎಂಬ ಹೆಸರೇ ಇಲ್ಲ. ಜನ ಹಾಗೆ ಕರೆಯುವುದು ಎರಡು ಬೇರೆ ಬೇರೆ ಪರವಾನಗಿ ಇರುವವರನ್ನು. ಒಬ್ಬರು ಪೇಟೆಂಟ್ ಏಜೆಂಟ್. ಅರ್ಜಿ ಬರೆಯುವುದು, ಪೇಟೆಂಟ್ ಕಚೇರಿಗೆ ಸಲ್ಲಿಸುವುದು, ಅಲ್ಲಿನ ಆಕ್ಷೇಪಗಳಿಗೆ ಉತ್ತರ ಕೊಡುವುದು ಇವರ ಕೆಲಸ. ಇನ್ನೊಬ್ಬರು ಸನ್ನದು ಪಡೆದ ವಕೀಲರು. ಪೇಟೆಂಟ್ ಉಲ್ಲಂಘನೆಯಾದಾಗ ಕೋರ್ಟಿಗೆ ಹೋಗುವವರು ಇವರು. ಎರಡೂ ಇದ್ದವರಿಗೆ ಅನುಕೂಲ ಹೆಚ್ಚು ನಿಜ, ಆದರೆ ಶುರು ಮಾಡಲು ಮೊದಲನೆಯದು ಸಾಕು.

ಏಜೆಂಟ್ ಆಗಲು ಬೇಕಾದದ್ದು ಇಷ್ಟು: ಭಾರತದ ಪೌರತ್ವ, 21 ವರ್ಷ ತುಂಬಿರುವುದು, ವಿಜ್ಞಾನ, ಎಂಜಿನಿಯರಿಂಗ್ ಅಥವಾ ತಂತ್ರಜ್ಞಾನದ ಪದವಿ, ಮತ್ತು ಪೇಟೆಂಟ್ ಕಚೇರಿಯ ಅರ್ಹತಾ ಪರೀಕ್ಷೆಯಲ್ಲಿ ಪಾಸು. ಮೊದಲ ಪತ್ರಿಕೆ ಕಾಯ್ದೆ ಮತ್ತು ನಿಯಮಗಳದು, 100 ಅಂಕ. ಎರಡನೆಯದು ಸ್ಪೆಸಿಫಿಕೇಷನ್ (ಆವಿಷ್ಕಾರವನ್ನು ವಿವರಿಸುವ ದಾಖಲೆ) ಬರೆಯುವುದು ಮತ್ತು ಅರ್ಥೈಸುವುದು, ಅದಕ್ಕೂ 100. ಮೌಖಿಕ 50. ಎರಡು ಪತ್ರಿಕೆಗಳಲ್ಲೂ ಕನಿಷ್ಠ 50 ಬರಬೇಕು, ಒಟ್ಟು ಮೊತ್ತ ಶೇ 60, ಅಂದರೆ 250ಕ್ಕೆ 150 ಮುಟ್ಟಬೇಕು. ಹಲವರು ಎಡವುವುದು ಈ ಎರಡನೇ ಷರತ್ತಿನಲ್ಲಿ. ಎರಡರಲ್ಲೂ ಐವತ್ತೈದು ಬಂತೆಂದು ನಿರಾಳವಾದವರಿಗೆ ಮೌಖಿಕದಲ್ಲಿ 50ಕ್ಕೆ 40 ಬೇಕಾಗುತ್ತದೆ.

ಪರೀಕ್ಷೆ ವರ್ಷವರ್ಷವೂ ನಡೆಯುವುದಿಲ್ಲ ಎಂಬುದನ್ನೂ ಲೆಕ್ಕಕ್ಕೆ ಹಿಡಿಯಿರಿ. 2018ರಲ್ಲಿ ನಡೆದದ್ದು ಮತ್ತೆ ನಡೆದದ್ದು 2023ರಲ್ಲಿ, ಆಮೇಲೆ 2025ರ ಜನವರಿಯಲ್ಲಿ. 'ಪಾಸಾದ ಮೇಲೆ ಕೆಲಸ ಹುಡುಕುತ್ತೇನೆ' ಎಂದು ಕೂತರೆ ವರ್ಷಗಳೇ ಕಳೆದಾವು. ನೋಂದಾಯಿತ ಏಜೆಂಟರ ಕೈಕೆಳಗೆ ಸೇರಿಕೊಂಡು, ಕೆಲಸ ಕಲಿಯುತ್ತಲೇ ಪರೀಕ್ಷೆ ಬರೆಯುವುದು ಜಾಣತನ. ಓದುವಾಗ ಗೈಡ್ ಬಿಟ್ಟು ಕಾಯ್ದೆ ಮತ್ತು 2003ರ ನಿಯಮಾವಳಿಯ ಮೂಲವನ್ನೇ ಎದುರಿಗಿಟ್ಟುಕೊಳ್ಳಿ. ನಿಯಮಗಳು 2024ರ ಮಾರ್ಚ್ 15ರಂದು ಸಾಕಷ್ಟು ಬದಲಾಗಿವೆ, ಹಳೆಯ ನೋಟ್ಸು ನಂಬಿದರೆ ಗಡುವಿನ ಪ್ರಶ್ನೆಗಳೆಲ್ಲ ತಪ್ಪುತ್ತವೆ.

ಹಾಸನ: ಬಿ.ಕಾಂ., ಎಲ್‌ಎಲ್‌ಬಿ ಮಾಡಿ ನಾಲ್ಕು ವರ್ಷದಿಂದ ವಕೀಲಿಕೆ ಮಾಡುತ್ತಿದ್ದೇನೆ. ಪೇಟೆಂಟ್ ಕಡೆಗೆ ಹೊರಳಬಹುದೆ?

ಏಜೆಂಟ್ ಪರೀಕ್ಷೆಗೆ ವಿಜ್ಞಾನದ ಪದವಿ ಬೇಕು, ಹಾಗಾಗಿ ಆ ದಾರಿಯಲ್ಲಿ ಹೋಗಲಾರಿರಿ. ಆದರೆ ಸೆಕ್ಷನ್ 132ರ ಪ್ರಕಾರ, ಏಜೆಂಟ್ ಅಲ್ಲದ ವಕೀಲರೂ ಪೇಟೆಂಟ್ ಕಂಟ್ರೋಲರ್ ಮುಂದೆ ನಡೆಯುವ ವಿಚಾರಣೆಯಲ್ಲಿ ಕಕ್ಷಿದಾರರ ಪರ ವಾದಿಸಬಹುದು. ಸ್ಪೆಸಿಫಿಕೇಷನ್ ಬರೆದು ಸಲ್ಲಿಸುವಂತಿಲ್ಲ, ಅಷ್ಟೆ. ಕೋರ್ಟಿನ ಕೆಲಸಕ್ಕಂತೂ ಯಾವ ಅಡ್ಡಿಯೂ ಇಲ್ಲ. 2021ರ ಏಪ್ರಿಲ್‌ನಲ್ಲಿ ಬೌದ್ಧಿಕ ಆಸ್ತಿ ಮೇಲ್ಮನವಿ ಮಂಡಳಿ ರದ್ದಾದ ಮೇಲೆ ಮೇಲ್ಮನವಿಗಳೆಲ್ಲ ಹೈಕೋರ್ಟುಗಳಿಗೆ ಬರುತ್ತಿವೆ. ಕರ್ನಾಟಕ ಬರುವುದು ಚೆನ್ನೈ ಪೇಟೆಂಟ್ ಕಚೇರಿಯ ವ್ಯಾಪ್ತಿಗೆ, ಆದ್ದರಿಂದ ನಮ್ಮವರ ಅರ್ಜಿ ತಿರಸ್ಕೃತವಾದರೆ ಮೇಲ್ಮನವಿ ಮದ್ರಾಸ್ ಹೈಕೋರ್ಟಿಗೆ ಹೋಗುತ್ತದೆ, ಅದೂ 3 ತಿಂಗಳೊಳಗೆ. ಉಲ್ಲಂಘನೆಯ ದಾವೆ ಜಿಲ್ಲಾ ನ್ಯಾಯಾಲಯಕ್ಕಿಂತ ಕೆಳಗೆ ಹೂಡುವಂತಿಲ್ಲ. ಎದುರಾಳಿ 'ನಿಮ್ಮ ಪೇಟೆಂಟೇ ಸಿಂಧುವಲ್ಲ, ರದ್ದು ಮಾಡಿ' ಎಂದು ಪ್ರತಿಹಕ್ಕು ಹೂಡಿದರೆ ಕೇಸು ಹೈಕೋರ್ಟಿಗೆ ವರ್ಗವಾಗುತ್ತದೆ. ಟ್ರೇಡ್‌ಮಾರ್ಕ್, ಡಿಸೈನ್, ಕಾಪಿರೈಟ್ ಯಾವುದಕ್ಕೂ ವಿಜ್ಞಾನದ ಪದವಿ ಕೇಳುವುದಿಲ್ಲ. ಹಾಸನದಲ್ಲೇ ಇದ್ದುಕೊಂಡು ಶುರು ಮಾಡುವವರಿಗೆ ಟ್ರೇಡ್‌ಮಾರ್ಕೇ ಸಲೀಸು.

ಮೈಸೂರು: ಪೇಟೆಂಟ್ ಏಜೆಂಟ್ ದಿನವಿಡೀ ಮಾಡುವುದಾದರೂ ಏನು? ಫಾರಂ ತುಂಬುವ ಕೆಲಸ ಎಂದು ಯಾರೋ ಹೇಳಿದರು.

ಫಾರಂ ತುಂಬುವುದೂ ಇದೆ: ಅರ್ಜಿಗೆ ಫಾರಂ 1, ಸ್ಪೆಸಿಫಿಕೇಷನ್‌ಗೆ ಫಾರಂ 2, ವಿದೇಶಿ ಅರ್ಜಿಗಳ ವಿವರಕ್ಕೆ 3, ಆವಿಷ್ಕಾರ ಮಾಡಿದವರ ಘೋಷಣೆಗೆ 5, ಏಜೆಂಟರ ಅಧಿಕಾರಪತ್ರಕ್ಕೆ 26. ಅದು ಒಂದು ಮಧ್ಯಾಹ್ನದ ಕೆಲಸ. ತಲೆ ತಿನ್ನುವುದು ಫಾರಂ 2ರ ಕೊನೆಯಲ್ಲಿ ಬರುವ ಕ್ಲೇಮುಗಳು. ಪೇಟೆಂಟ್ ಎಂದರೆ ಕಾನೂನಿನ ಕಣ್ಣಿಗೆ ಕ್ಲೇಮು. ಜಮೀನಿಗೆ ಚಕ್ಕುಬಂದಿ ಹೇಗೋ ಆವಿಷ್ಕಾರಕ್ಕೆ ಅದು ಹಾಗೆ. ಚಿತ್ರ, ವಿವರಣೆ ಎಲ್ಲ ಅದಕ್ಕೆ ಆಧಾರ.

ಒಂದು ಉದಾಹರಣೆ ನೋಡೋಣ. ಅಡಿಕೆ ಸುಲಿಯುವ ಯಂತ್ರ. ಎದುರುಬದುರಾಗಿ ತಿರುಗುವ ಎರಡು ರೋಲರ್ ಇವೆ, ಒಂದರ ಮೈಮೇಲೆ ಹಲ್ಲುಗಳಿವೆ, ಇನ್ನೊಂದು ಸ್ಪ್ರಿಂಗ್ ಮೇಲೆ ಕೂತಿದೆ. ದಪ್ಪ ಕಾಯಿ ಬಂದರೆ ಸ್ಪ್ರಿಂಗ್ ಸರಿದು ಜಾಗ ಬಿಡುತ್ತದೆ, ಸಣ್ಣ ಕಾಯಿ ಬಂದರೆ ರೋಲರ್ ಹತ್ತಿರ ಬರುತ್ತದೆ. ಹಾಗಾಗಿ ಒಳಗಿನ ಗೋಟಿಗೆ ಪೆಟ್ಟು ಬೀಳುವುದಿಲ್ಲ. ಯಂತ್ರ ಮಾಡಿದವರು ಬರೆದು ತರುವುದು ಸಾಮಾನ್ಯವಾಗಿ ಹೀಗೆ: 'ಗೋಟು ಒಡೆಯದೆ ಬೇಗ ಸುಲಿಯುವ, ಸ್ಟೀಲ್ ಸ್ಪ್ರಿಂಗ್ ಇರುವ ಯಂತ್ರ.' ಇದರಲ್ಲಿ ಎರಡು ತಪ್ಪು. 'ಬೇಗ ಸುಲಿಯುವ' ಎಂಬುದು ಫಲ, ಯಂತ್ರದ ಭಾಗವಲ್ಲ. ಫಲವನ್ನೇ ಕ್ಲೇಮು ಮಾಡಿದರೆ ಪರೀಕ್ಷಕರು ಅದು ಅಸ್ಪಷ್ಟ ಎನ್ನುತ್ತಾರೆ. ಎರಡನೆಯದು 'ಸ್ಟೀಲ್ ಸ್ಪ್ರಿಂಗ್'. ನಾಳೆ ಪಕ್ಕದ ಊರಿನ ವರ್ಕ್‌ಶಾಪಿನವರು ಸ್ಪ್ರಿಂಗ್ ತೆಗೆದು ರಬ್ಬರ್ ಬುಷ್ ಹಾಕಿದರೆ ಕ್ಲೇಮಿನ ಬೇಲಿಯಿಂದ ಆಚೆ ನಿಂತುಬಿಡುತ್ತಾರೆ.

ಹಾಗೆಂದು 'ಅಂತರ ಹೊಂದಿಸುವ ಯಾವುದೇ ಸಾಧನ' ಎಂದು ಬರೆದರೆ ಬೇಲಿ ಊರೆಲ್ಲ ಸುತ್ತುತ್ತದೆ. ಬೋಲ್ಟು ತಿರುಗಿಸಿ ಅಂತರ ಹೊಂದಿಸುವ ಯಾವುದೋ ಹಳೆಯ ಯಂತ್ರ ಸಿಕ್ಕಿ, ಹೊಸತನವಿಲ್ಲವೆಂದು ಕ್ಲೇಮು ಬಿದ್ದುಹೋಗುತ್ತದೆ. ಏಜೆಂಟ್ ಹುಡುಕುವುದು ಈ ಎರಡರ ನಡುವಿನ ಮಾತು: 'ಕಾಯಿ ಹಾದುಹೋಗುವಾಗ ಅದರ ಗಾತ್ರಕ್ಕೆ ತಕ್ಕಂತೆ ಎರಡನೇ ರೋಲರ್ ತಾನಾಗಿ ಸರಿಯುವ ಹಾಗೆ ಅದನ್ನು ಮೊದಲನೆಯದರತ್ತ ಒತ್ತಿಹಿಡಿಯುವ ಸ್ಥಿತಿಸ್ಥಾಪಕ ಅಂಗ.' ಈಗ ಸ್ಪ್ರಿಂಗೂ ಒಳಗೆ, ರಬ್ಬರೂ ಒಳಗೆ, ಬೋಲ್ಟು ಹೊರಗೆ. ಇದು ಒಂದನೇ ಕ್ಲೇಮು. 'ಆ ಅಂಗವು ಸುರುಳಿ ಸ್ಪ್ರಿಂಗ್ ಆಗಿರುವ, ಕ್ಲೇಮ್ 1ರ ಯಂತ್ರ' ಎಂಬುದು ಎರಡನೆಯದು, ಹಲ್ಲಿನ ಆಕಾರ ಮೂರನೆಯದು. ಒಂದನೆಯದು ಕುಸಿದರೂ ಹಿಂದೆ ಹೋಗಿ ನಿಲ್ಲಲು ಜಾಗವಿರಲಿ ಎಂದೇ ಈ ಮೆಟ್ಟಿಲು.

ಕ್ರಿಯಾಪದಕ್ಕೂ ಬೆಲೆಯಿದೆ. ಭಾಗಗಳನ್ನು 'ಒಳಗೊಂಡ' ಯಂತ್ರ ಎಂದರೆ, ಎದುರಾಳಿ ಇನ್ನೊಂದು ಫ್ಯಾನು ಸೇರಿಸಿಕೊಂಡರೂ ತಪ್ಪಿಸಿಕೊಳ್ಳಲಾರ. 'ಇಷ್ಟೇ ಭಾಗಗಳಿಂದಾದ' ಎಂದು ಬರೆದಿದ್ದರೆ ಆ ಫ್ಯಾನೇ ಅವನಿಗೆ ಬಾಗಿಲು ತೆರೆದುಕೊಡುತ್ತದೆ.

ಬರೆಯುವ ಮೊದಲು ಹುಡುಕಾಟ. ಭಾರತದ ದಾಖಲೆಗಳಿಗೆ ಪೇಟೆಂಟ್ ಕಚೇರಿಯದೇ ಇನ್‌ಪಾಸ್ ಇದೆ, ಹೊರಗಿನವಕ್ಕೆ ಎಸ್ಪಾಸ್‌ನೆಟ್, ಪೇಟೆಂಟ್‌ಸ್ಕೋಪ್. ಮೂರೂ ಉಚಿತ. ಬರೀ 'ಅಡಿಕೆ' ಎಂದು ಹುಡುಕಿದರೆ ಅರ್ಧವೂ ಸಿಗದು, ಏಕೆಂದರೆ ಬೇರೆ ದೇಶದವರು ಅದನ್ನು ಬೇರೆ ಕಾಯಿಯ ಹೆಸರಲ್ಲಿ ಬರೆದಿರುತ್ತಾರೆ. ಅಂತಾರಾಷ್ಟ್ರೀಯ ವರ್ಗೀಕರಣದ ಸಂಖ್ಯೆ ಹಿಡಿದು ಹುಡುಕಬೇಕು. ಕಾಯಿಗಳ ಸಿಪ್ಪೆ ತೆಗೆಯುವ ಯಂತ್ರಗಳು ಎ23ಎನ್ 5ರ ಗುಂಪಿನಲ್ಲಿವೆ. ಮರ ಹತ್ತುವ ಸಾಧನಗಳು ಎ63ಬಿ 27ರಲ್ಲಿ, ಅಂದರೆ ಆಟ ಮತ್ತು ವ್ಯಾಯಾಮದ ಸಾಮಾನಿನ ಜೊತೆ! ಗೊತ್ತಿಲ್ಲದವರು ಕೃಷಿ ವಿಭಾಗದಲ್ಲೇ ದಿನವಿಡೀ ತಡಕಾಡುತ್ತಾರೆ.

ಕೊನೆಗೆ ಅಳತೆ: ಎ4 ಹಾಳೆ, ಮೇಲೆ ಮತ್ತು ಎಡಕ್ಕೆ 4 ಸೆಂ.ಮೀ., ಕೆಳಗೆ ಮತ್ತು ಬಲಕ್ಕೆ 3 ಸೆಂ.ಮೀ. ಅಂಚು, ಶೀರ್ಷಿಕೆ 15 ಪದದೊಳಗೆ, ಸಾರಾಂಶ 150 ಪದದೊಳಗೆ. ಒಮ್ಮೆ ಸಲ್ಲಿಸಿದ ಮೇಲೆ ಮೊದಲ ದಾಖಲೆಯಲ್ಲಿಲ್ಲದ ಹೊಸ ವಿಷಯ ಸೇರಿಸಲು ಸೆಕ್ಷನ್ 59 ಬಿಡುವುದಿಲ್ಲ. ರಬ್ಬರ್ ಬುಷ್ ನೆನಪಾಗಬೇಕಾದದ್ದು ಸಲ್ಲಿಸುವ ಮುಂಚೆ.

ಸುಳ್ಯ: ನಾನೇ ಒಂದು ಅಡಿಕೆ ಕೊಯ್ಲಿನ ಸಾಧನ ಮಾಡಿದ್ದೇನೆ. ಹೋದ ವರ್ಷ ಕೃಷಿಮೇಳದಲ್ಲಿ ಇಟ್ಟಿದ್ದೆ, ನಾಲ್ಕಾರು ಮಾರಾಟವೂ ಆಯಿತು. ಈಗ ಪೇಟೆಂಟ್ ಮಾಡಿಸಲು ಎಷ್ಟು ಖರ್ಚು?

ಖರ್ಚಿಗಿಂತ ಮೊದಲು ಕಹಿ ಮಾತು ಹೇಳಬೇಕು. ಅರ್ಜಿ ಹಾಕುವ ಮುಂಚೆ ಸಾರ್ವಜನಿಕವಾಗಿ ತೋರಿಸಿದ, ಮಾರಿದ ಸಾಧನಕ್ಕೆ ಹೊಸತನ ಉಳಿಯುವುದಿಲ್ಲ. ಸ್ವತಃ ನೀವೇ ತೋರಿಸಿದ್ದರೂ ಅಷ್ಟೆ. ಪ್ರದರ್ಶನಕ್ಕೆ ಸೆಕ್ಷನ್ 31ರಲ್ಲಿ 12 ತಿಂಗಳ ರಿಯಾಯಿತಿ ಇದೆ, ಆದರೆ ಕೇಂದ್ರ ಸರ್ಕಾರ ಗೆಜೆಟ್‌ನಲ್ಲಿ ಅಧಿಸೂಚನೆ ಹೊರಡಿಸಿದ ಪ್ರದರ್ಶನಗಳಿಗೆ ಮಾತ್ರ. ಎಲ್ಲ ಮೇಳಕ್ಕೂ ಅದು ಸಿಗುವುದಿಲ್ಲ. ತೋಟದಲ್ಲಿ ನಾಲ್ಕು ಜನರ ಎದುರು ಪರೀಕ್ಷೆಗೆಂದು ಓಡಿಸಿದ್ದಷ್ಟೇ ಆಗಿದ್ದರೆ ಸೆಕ್ಷನ್ 32 ಒಂದು ವರ್ಷದವರೆಗೆ ಕಾಪಾಡುತ್ತಿತ್ತು. ಮಾರಾಟವನ್ನು 'ಪರೀಕ್ಷೆ' ಎನ್ನಲಾಗದು.

ಎಲ್ಲ ಬಾಗಿಲೂ ಮುಚ್ಚಿಲ್ಲ. ಮೇಳದ ನಂತರ ಸಾಧನದಲ್ಲಿ ಮಾಡಿದ ಸುಧಾರಣೆ, ಉದಾಹರಣೆಗೆ ಹಿಡಿತ ಜಾರದಂತೆ ಹೊಸ ಕ್ಲಾಂಪ್, ಇನ್ನೂ ಹೊರಗೆ ಬಿದ್ದಿಲ್ಲವಾದರೆ ಅದಕ್ಕೆ ಅರ್ಜಿ ಹಾಕಬಹುದು. ಅದು ಹಳೆಯ ಸಾಧನ ನೋಡಿದ ನುರಿತವನಿಗೂ ತಟ್ಟನೆ ಹೊಳೆಯದಂಥ ಹೆಜ್ಜೆ ಆಗಿರಬೇಕು. ಅರ್ಜಿಯ ದಿನದವರೆಗೆ ಯಾರಿಗೂ ತೋರಿಸಬೇಡಿ, ವಾಟ್ಸ್ಆ್ಯಪ್ ಸ್ಟೇಟಸ್‌ಗೂ ಹಾಕಬೇಡಿ.

ಇನ್ನು ಸರ್ಕಾರದ ಶುಲ್ಕ. ವ್ಯಕ್ತಿಯಾಗಿ ಆನ್‌ಲೈನ್‌ನಲ್ಲಿ ಅರ್ಜಿಗೆ 1,600 ರೂ. 30 ಪುಟ ದಾಟಿದರೆ ಪುಟಕ್ಕೆ 160, 10 ಕ್ಲೇಮು ದಾಟಿದರೆ ಕ್ಲೇಮಿಗೆ 320. ಅರ್ಜಿಯನ್ನು ಪೇಟೆಂಟ್ ಕಚೇರಿ ಪರೀಕ್ಷಿಸಲಿ ಎಂದು ಕೋರುವ ಫಾರಂ 18ಕ್ಕೆ 4,000. ಅರ್ಜಿ ಹಾಕಿದ ಮಾತ್ರಕ್ಕೆ ಪರೀಕ್ಷೆ ಆಗುವುದಿಲ್ಲ, ಈ ಫಾರಂ ಬೇರೆಯೇ ಕೊಡಬೇಕು. ಮರೆಯುವವರೇ ಹೆಚ್ಚು. ಪೇಟೆಂಟ್ ಸಿಕ್ಕ ಮೇಲೆ, ಅರ್ಜಿ ಹಾಕಿದ ದಿನದಿಂದ ಎಣಿಸಿ ಮೂರನೇ ವರ್ಷದಿಂದ ನವೀಕರಣ: 6ನೇ ವರ್ಷದವರೆಗೆ ವರ್ಷಕ್ಕೆ 800, 7ರಿಂದ 10ರವರೆಗೆ 2,400, 11ರಿಂದ 15ಕ್ಕೆ 4,800, ಆಮೇಲೆ 20ರವರೆಗೆ 8,000. ಇಪ್ಪತ್ತೂ ವರ್ಷ ಉಳಿಸಿಕೊಂಡರೆ ನವೀಕರಣಕ್ಕೇ 76,800 ಆಗುತ್ತದೆ. ಸಾಧನದಿಂದ ದುಡ್ಡು ಬರದಿದ್ದರೆ ನಡುವೆ ಕೈಬಿಡಬಹುದು, ತಪ್ಪೇನಿಲ್ಲ.

ಏಜೆಂಟರ ಫೀ ಇದರಲ್ಲಿ ಸೇರಿಲ್ಲ. ಅರ್ಜಿದಾರರು ತಾವೇ ಬರೆದು ಸಲ್ಲಿಸಲು ಕಾನೂನು ಬಿಡುತ್ತದೆ, ಆದರೆ ಮೇಲಿನ ಸ್ಪ್ರಿಂಗಿನ ಕಥೆ ಓದಿದಿರಲ್ಲ. ಕೈಯಲ್ಲಿ ದುಡ್ಡು ಕಡಿಮೆಯಿದ್ದರೆ ಮೊದಲು ಪ್ರಾವಿಷನಲ್ (ತಾತ್ಕಾಲಿಕ) ಸ್ಪೆಸಿಫಿಕೇಷನ್ ಹಾಕಿ ದಿನಾಂಕ ಹಿಡಿದುಕೊಳ್ಳಿ. ಪೂರ್ಣ ಸ್ಪೆಸಿಫಿಕೇಷನ್‌ಗೆ 12 ತಿಂಗಳು ಸಮಯ ಸಿಗುತ್ತದೆ. ಆದರೆ ಪ್ರಾವಿಷನಲ್‌ನಲ್ಲಿ ಬರೆಯದ್ದಕ್ಕೆ ಆ ದಿನಾಂಕ ಸಿಗುವುದಿಲ್ಲ, ಎರಡು ಸಾಲು ಗೀಚಿ ಹಾಕಿದರೆ ಪ್ರಯೋಜನವಿಲ್ಲ. ಬೆಂಗಳೂರಿನಲ್ಲಿ ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯ ಪೇಟೆಂಟ್ ಮಾಹಿತಿ ಕೇಂದ್ರವಿದೆ, ಒಮ್ಮೆ ವಿಚಾರಿಸಿ.

ಅದೇ ಊರಿನಿಂದ ಇನ್ನೊಬ್ಬರು: ಕಾಳುಮೆಣಸು ಬಳ್ಳಿ ಹಬ್ಬಿಸುವ ಹೊಸ ವಿಧಾನಕ್ಕೆ?

ಸಿಗದು. ಕೃಷಿ ಮತ್ತು ತೋಟಗಾರಿಕೆಯ ವಿಧಾನಗಳಿಗೆ ಪೇಟೆಂಟ್ ಇಲ್ಲ ಎಂದು ಸೆಕ್ಷನ್ 3(ಎಚ್) ಹೇಳುತ್ತದೆ. ಹೊಸ ತಳಿಯೇ ಆಗಿದ್ದರೆ 2001ರ ಸಸ್ಯತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆ ಬೇರೆಯೇ ಇದೆ.

ಬೆಂಗಳೂರು: ಸಾಫ್ಟ್‌ವೇರ್ ಎಂಜಿನಿಯರ್, ಒಂಬತ್ತು ವರ್ಷದ ಅನುಭವ. ಕಂಪನಿಯ ಪೇಟೆಂಟ್ ವಿಭಾಗಕ್ಕೆ ಹೋಗುವ ಯೋಚನೆ. ಎಲ್‌ಎಲ್‌ಬಿಯೂ ಇದೆ, ಸನ್ನದೂ ಇದೆ.

ಸನ್ನದನ್ನು ಮೊದಲು ನೋಡಿಕೊಳ್ಳಿ. ಬಾರ್ ಕೌನ್ಸಿಲ್ ಆಫ್ ಇಂಡಿಯಾದ ನಿಯಮ 49ರ ಪ್ರಕಾರ ಪೂರ್ಣಾವಧಿ ಸಂಬಳದ ನೌಕರಿಯಲ್ಲಿರುವವರು ವಕೀಲಿಕೆ ಮಾಡುವಂತಿಲ್ಲ, ಕೌನ್ಸಿಲ್‌ಗೆ ತಿಳಿಸಿ ವೃತ್ತಿ ನಿಲ್ಲಿಸಬೇಕು. ಏಜೆಂಟ್ ನೋಂದಣಿಗೆ ಈ ನಿಯಮ ಅನ್ವಯಿಸದು, ಕಂಪನಿಯಲ್ಲಿದ್ದೇ ನೋಂದಾಯಿತ ಏಜೆಂಟ್ ಆಗಿರುವವರು ಬೇಕಾದಷ್ಟಿದ್ದಾರೆ.

ಬೆಂಗಳೂರಿನ ಕಂಪನಿಗಳಲ್ಲಿ ನಿಮ್ಮಂಥವರ ಮುಂದೆ ಬರುವುದು ಮುಖ್ಯವಾಗಿ ಎರಡು ಕಗ್ಗಂಟು. ಮೊದಲನೆಯದು ಸೆಕ್ಷನ್ 3(ಕೆ): ಕಂಪ್ಯೂಟರ್ ಪ್ರೋಗ್ರಾಂ, ಅದಷ್ಟೇ ಆದರೆ, ಪೇಟೆಂಟ್‌ಗೆ ಅರ್ಹವಲ್ಲ. 'ಅದಷ್ಟೇ ಆದರೆ' ಎಂಬಲ್ಲಿಯೇ ಎಲ್ಲ ವಾದವೂ. ಫರೀದ್ ಅಲ್ಲಾನಿ ಪ್ರಕರಣದಲ್ಲಿ 2019ರ ಡಿಸೆಂಬರ್‌ನಲ್ಲಿ ದೆಹಲಿ ಹೈಕೋರ್ಟ್, ತಾಂತ್ರಿಕ ಪರಿಣಾಮ ಅಥವಾ ತಾಂತ್ರಿಕ ಕೊಡುಗೆ ತೋರಿಸಿದರೆ ಪ್ರೋಗ್ರಾಂ ಆಧಾರಿತ ಆವಿಷ್ಕಾರವನ್ನೂ ಪರಿಗಣಿಸಬೇಕು ಎಂದಿತು. ಹಾಗಾಗಿ 'ಗ್ರಾಹಕರಿಗೆ ಅನುಕೂಲ' ಎಂದು ಬರೆದ ಸ್ಪೆಸಿಫಿಕೇಷನ್ ಬೀಳುತ್ತದೆ. ಮೆಮೊರಿ ಎಷ್ಟು ಉಳಿಯಿತು, ನೆಟ್‌ವರ್ಕ್ ಮೇಲಿನ ಹೊರೆ ಎಲ್ಲಿ ತಗ್ಗಿತು ಎಂದು ಬರೆದಿದ್ದರೆ ವಾದಕ್ಕೆ ನೆಲ ಸಿಗುತ್ತದೆ.

ಎರಡನೆಯದು ಸೆಕ್ಷನ್ 39. ಮಾತೃಸಂಸ್ಥೆ ಅಮೆರಿಕದ್ದು, ಆವಿಷ್ಕಾರ ಮಾಡಿದವರು ವೈಟ್‌ಫೀಲ್ಡಿನವರು. ಭಾರತದ ನಿವಾಸಿ ಹೊರದೇಶದಲ್ಲಿ ಮೊದಲು ಅರ್ಜಿ ಹಾಕುವುದಾದರೆ ಇಲ್ಲಿನ ಅನುಮತಿ ಬೇಕು: ಫಾರಂ 25, ಸಾಮಾನ್ಯವಾಗಿ 21 ದಿನದಲ್ಲಿ ತೀರ್ಮಾನ. ಇಲ್ಲವೇ ಇಲ್ಲಿಯೇ ಮೊದಲು ಹಾಕಿ 6 ವಾರ ಕಾಯಬೇಕು. ತಪ್ಪಿದರೆ ಭಾರತದ ಅರ್ಜಿಯನ್ನು ಕೈಬಿಟ್ಟಂತೆ ಪರಿಗಣಿಸಲಾಗುತ್ತದೆ, ಸಿಕ್ಕ ಪೇಟೆಂಟೂ ರದ್ದಾಗಬಹುದು. ತಂಡದಲ್ಲಿ ಇಲ್ಲಿನವರು ಒಬ್ಬರೇ ಇದ್ದರೂ ಫಾರಂ 25 ಹಾಕಿಬಿಡುವುದು ಕ್ಷೇಮ.

ಧಾರವಾಡ: ಎಂ.ಎಸ್ಸಿ. ಕೆಮಿಸ್ಟ್ರಿ. ಔಷಧ ಪೇಟೆಂಟ್‌ಗಳಲ್ಲಿ ನಮಗೆ ಅವಕಾಶ ಹೇಗೆ?

ನಮ್ಮ ಕಾಯ್ದೆಯ ಅತ್ಯಂತ ಹೆಸರಾದ ಜಗಳ ನಡೆದದ್ದೇ ಕೆಮಿಸ್ಟ್ರಿಯ ಮೇಲೆ. ರಕ್ತದ ಕ್ಯಾನ್ಸರಿನ ಗ್ಲಿವೆಕ್ ಔಷಧದಲ್ಲಿರುವ ಇಮಾಟಿನಿಬ್ ಮೆಸಿಲೇಟ್ ಎಂಬ ಲವಣದ ಬೀಟಾ ಹರಳು ರೂಪಕ್ಕೆ ನೊವಾರ್ಟಿಸ್ ಪೇಟೆಂಟ್ ಕೇಳಿತ್ತು. ಹರಳು ಚೆನ್ನಾಗಿ ಹರಿಯುತ್ತದೆ, ತೇವ ಕಡಿಮೆ ಹೀರುತ್ತದೆ, ದೇಹಕ್ಕೆ ಶೇ 30ರಷ್ಟು ಹೆಚ್ಚು ದೊರಕುತ್ತದೆ ಎಂಬ ವಾದ. 2013ರ ಏಪ್ರಿಲ್ 1ರಂದು ಸುಪ್ರೀಂ ಕೋರ್ಟ್, ಗೊತ್ತಿದ್ದ ವಸ್ತುವಿನ ಹೊಸ ರೂಪಕ್ಕೆ ಸೆಕ್ಷನ್ 3(ಡಿ) ಕೇಳುವುದು ಹೆಚ್ಚಿದ ಚಿಕಿತ್ಸಕ ಪರಿಣಾಮ, ಅದನ್ನು ತೋರಿಸಿಲ್ಲ ಎಂದು ಅರ್ಜಿ ತಳ್ಳಿಹಾಕಿತು. ಅಂದಿನಿಂದ ಲವಣ, ಹರಳು, ಐಸೋಮರ್ ಕುರಿತ ಅರ್ಜಿಗಳಲ್ಲಿ ಹೋಲಿಕೆಯ ದತ್ತಾಂಶ ಓದಿ, ಅದು ಬರೀ ಭೌತಿಕ ಗುಣವೋ ಚಿಕಿತ್ಸೆಯ ಗುಣವೋ ಎಂದು ಬಿಡಿಸಿ ಹೇಳಬಲ್ಲವರಿಗೆ ಬೇಡಿಕೆ ಇದೆ. ಪೇಟೆಂಟ್ ಕೊಡುವ ಮೊದಲು ಯಾರು ಬೇಕಾದರೂ, ಕೊಟ್ಟ ಮೇಲೆ ಹಿತಾಸಕ್ತಿ ಇರುವವರು ಒಂದು ವರ್ಷದೊಳಗೆ ವಿರೋಧ ಸಲ್ಲಿಸಬಹುದು. ಔಷಧರಂಗದಲ್ಲಿ ಈ ಕೆಲಸವೂ ಬಹಳ. ಸರ್ಕಾರಿ ಹುದ್ದೆ ಬೇಕೆಂದರೆ ಪೇಟೆಂಟ್ ಪರೀಕ್ಷಕರ ನೇಮಕಾತಿಯ ಮೇಲೆ ಕಣ್ಣಿಡಿ. 2023ರಲ್ಲಿ 553 ಹುದ್ದೆಗಳಿಗೆ ಕರೆದಿದ್ದರು.

ಬೆಂಗಳೂರು: ಪೇಟೆಂಟ್ ಏಜೆಂಟರ ಕಚೇರಿಯೊಂದಕ್ಕೆ ಸೇರಿ ಆರು ತಿಂಗಳಾಯಿತು. ಗಡುವುಗಳೇ ತಲೆನೋವು. ಯಾವುದು ತಪ್ಪಿದರೆ ಸರಿಪಡಿಸಲಾಗದು?

ನಿಮ್ಮ ಹೆದರಿಕೆ ನ್ಯಾಯವೇ. ಪರೀಕ್ಷೆ ಕೋರುವ ಫಾರಂ 18 ಸಲ್ಲಿಸಲು ಹಿಂದೆ 48 ತಿಂಗಳಿತ್ತು. 2024ರ ಮಾರ್ಚ್ 15ರಿಂದ ಸಲ್ಲಿಸಿದ ಅರ್ಜಿಗಳಿಗೆ ಆದ್ಯತಾ ದಿನಾಂಕದಿಂದ (ಅದೇ ಆವಿಷ್ಕಾರಕ್ಕೆ ಮೊದಲ ಅರ್ಜಿ ಹಾಕಿದ ದಿನದಿಂದ) 31 ತಿಂಗಳು. ಎರಡೂ ಬಗೆಯ ಫೈಲುಗಳು ಒಂದೇ ಕಪಾಟಿನಲ್ಲಿರುವುದರಿಂದ ಹಳೆಯ ರೂಢಿಯಲ್ಲಿ 48 ಎಂದು ಬರೆದುಕೊಂಡರೆ ಅರ್ಜಿ ಹಿಂಪಡೆದಂತಾಗುತ್ತದೆ. ಅಂತಾರಾಷ್ಟ್ರೀಯ ಪಿಸಿಟಿ (ಪೇಟೆಂಟ್ ಸಹಕಾರ ಒಪ್ಪಂದ) ಅರ್ಜಿ ಭಾರತಕ್ಕೆ ಬರಲೂ 31 ತಿಂಗಳು. ಮೊದಲ ಪರೀಕ್ಷಾ ವರದಿಗೆ ಉತ್ತರ 6 ತಿಂಗಳು, ಕೇಳಿಕೊಂಡರೆ ಇನ್ನೂ 3. ವಿಚಾರಣೆ ಮುಗಿದ ಮೇಲೆ ಲಿಖಿತ ವಾದಕ್ಕೆ 15 ದಿನ. ಇದು ತೀರಾ ಚಿಕ್ಕದಾದ್ದರಿಂದ ವಿಚಾರಣೆಗೆ ಹೋಗುವ ಮುಂಚೆಯೇ ಕರಡು ತಯಾರಿರಲಿ. ನವೀಕರಣ ತಪ್ಪಿ ಪೇಟೆಂಟ್ ಸತ್ತುಹೋದರೆ 18 ತಿಂಗಳೊಳಗೆ ಫಾರಂ 15ರಿಂದ ಬದುಕಿಸಲು ಕೇಳಬಹುದು, ಆದರೆ ತಪ್ಪಿದ್ದು ಉದ್ದೇಶಪೂರ್ವಕವಲ್ಲ ಎಂದು ಸಾಕ್ಷಿ ಸಮೇತ ತೋರಿಸಬೇಕು.

ಪ್ರತಿ ದಿನಾಂಕವನ್ನೂ ಇಬ್ಬರು ಬೇರೆ ಬೇರೆಯಾಗಿ ಲೆಕ್ಕ ಹಾಕಿ ತಾಳೆ ನೋಡಿ. ಎಣಿಕೆ ಶುರುವಾಗುವುದು ಭಾರತದಲ್ಲಿ ಸಲ್ಲಿಸಿದ ದಿನದಿಂದಲೋ ಆದ್ಯತಾ ದಿನದಿಂದಲೋ ಎಂಬುದನ್ನು ಪಕ್ಕದಲ್ಲೇ ಬರೆಯಿರಿ. ಏಜೆಂಟರು ಎಲ್ಲವನ್ನೂ ಆನ್‌ಲೈನ್‌ನಲ್ಲೇ ಸಲ್ಲಿಸಬೇಕಾದ್ದರಿಂದ ಡಿಜಿಟಲ್ ಸಹಿಯ ಟೋಕನ್ ಅವಧಿ ಮುಗಿಯುವ ದಿನವೂ ಅದೇ ಪಟ್ಟಿಯಲ್ಲಿರಲಿ. ಕೊನೆಯ ದಿನ ರಾತ್ರಿ ಹತ್ತಕ್ಕೆ ಟೋಕನ್ ಕೈಕೊಟ್ಟರೆ ಹೊಸದು ಎಲ್ಲಿಂದ ತರುವುದು?

ಕಲಬುರಗಿ: ಮಗಳು ಪಿಯುಸಿ ವಿಜ್ಞಾನ, ಹತ್ತರವರೆಗೆ ಕನ್ನಡ ಮಾಧ್ಯಮ. ಈ ಕೆಲಸ ಅವಳಿಗೆ ಆದೀತೆ? ಸಂಪಾದನೆ ಹೇಗೆ?

ಸ್ಪೆಸಿಫಿಕೇಷನ್ ಇಂಗ್ಲಿಷ್ ಅಥವಾ ಹಿಂದಿಯಲ್ಲೇ ಇರಬೇಕೆಂಬುದು ನಿಯಮ, ಕನ್ನಡದಲ್ಲಿ ಸಲ್ಲಿಸುವಂತಿಲ್ಲ. ಆದರೆ ಇಲ್ಲಿ ಬೇಕಾದ್ದು ಅಲಂಕಾರದ ಇಂಗ್ಲಿಷ್ ಅಲ್ಲ. ಒಂದು ಭಾಗಕ್ಕೆ ಮೊದಲ ಪುಟದಲ್ಲಿ ಇಟ್ಟ ಹೆಸರನ್ನೇ ಕೊನೆಯ ಪುಟದವರೆಗೂ ಬಳಸುವ ಶಿಸ್ತು. ಒಮ್ಮೆ 'ಹಿಡಿ', ಇನ್ನೊಮ್ಮೆ 'ಹಿಡಿಕೆ' ಎಂದರೆ ಅದು ಎರಡು ಭಾಗವೆಂದು ಎದುರಾಳಿ ವಾದಿಸುತ್ತಾನೆ. ಅವಳು ಈಗಿನಿಂದಲೇ ಸೈಕಲ್ ಪಂಪನ್ನೋ ಕುಕ್ಕರಿನ ಸೀಟಿಯನ್ನೋ ಎದುರಿಗಿಟ್ಟುಕೊಂಡು, ಚಿತ್ರವಿಲ್ಲದೆ, ನೋಡದವರಿಗೂ ತಿಳಿಯುವಂತೆ ಒಂದು ಪುಟ ಬರೆದು ಅಭ್ಯಾಸ ಮಾಡಲಿ. ಈ ಕೆಲಸ ಹಿಡಿಸುತ್ತದೋ ಬೇಸರ ಬರುತ್ತದೋ ಎಂದು ಅಲ್ಲಿಯೇ ಗೊತ್ತಾಗುತ್ತದೆ.

ಸಂಪಾದನೆ ಬಗ್ಗೆ: ಶುರುವಿನಲ್ಲಿ ಎಂಜಿನಿಯರಿಂಗ್ ನೌಕರಿಗಿಂತ ಹೆಚ್ಚೇನೂ ಇರುವುದಿಲ್ಲ. ಭಾರತೀಯ ಕಕ್ಷಿದಾರರು ಒಂದು ಸ್ಪೆಸಿಫಿಕೇಷನ್‌ಗೆ ಇಷ್ಟು ಎಂದು ಒಟ್ಟಾರೆ ಕೊಡುತ್ತಾರೆ, ಅದಕ್ಕೆ ಹಿಡಿದ ಗಂಟೆ ಯಾರೂ ಕೇಳುವುದಿಲ್ಲ. ಏಜೆಂಟರ ಕಚೇರಿಗಳ ಅನ್ನ ಹೆಚ್ಚಾಗಿ ವಿದೇಶದಿಂದ ಬರುವ ಪಿಸಿಟಿ ಅರ್ಜಿಗಳು ಮತ್ತು ಅವುಗಳ ಪರೀಕ್ಷಾ ವರದಿಗೆ ಉತ್ತರ. ಹುಡುಕಾಟವಷ್ಟೇ ಮಾಡುವ ಸಂಸ್ಥೆಗಳಲ್ಲಿ ಹೊಸಬರಿಗೆ ಬೇಗ ಕೆಲಸ ಸಿಗುತ್ತದೆ, ಕಲಿಯಲು ಒಂದೆರಡು ವರ್ಷ ಒಳ್ಳೆಯದು. ಅಲ್ಲೇ ಉಳಿದುಬಿಟ್ಟರೆ ಕ್ಲೇಮು ಬರೆಯುವ ಕೈ ತಯಾರಾಗುವುದಿಲ್ಲ. ಸಂಬಳ ಏರುವುದು ಆ ಕೈಗೇ.